ರೀಲುಗಳ ಕಾವಲಿಗೆ ಗೌಸಬಿ

ದುಮ್ಮವಾಡದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗೌಸಬಿ ಹಿತ್ತಲ ಕೋಣೆಯಲ್ಲಿ ತಗಡಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಗಿನ ಹತ್ತಿರ ಹಿಡಿಯುತ್ತಿದ್ದಾರೆ. ಒಳಗಿರುವುದು ಸಿನಿಮಾ ರೀಲು. ಹುಳಿ ವಾಸನೆ ಬಂದರೆ ರೀಲು ಕೆಡಲು ಶುರುವಾಯಿತೆಂದೇ ಅರ್ಥ.

"ಒಂದಕ್ಕ ಬಂತಂದ್ರ ಬಾಜೂಕಿಂದಕ್ಕೂ ಹತ್ತತೈತ್ರಿ. ಮಳಿಗಾಲ ಬಂದ್ರ ನನಗ ನಿದ್ದಿ ಇಲ್ಲ" ಎನ್ನುತ್ತಾರೆ, ಮುಚ್ಚಳ ಒತ್ತುತ್ತ.

ಎಪ್ಪತ್ತರ ಹತ್ತಿರದ ಗೌಸಬಿ ಒಂದು ಕಾಲಕ್ಕೆ ಕುಬೇರಪ್ಪನವರ ಟೂರಿಂಗ್ ಟಾಕೀಸಿನಲ್ಲಿ ಹರಿದ ರೀಲು ಅಂಟಿಸುತ್ತಿದ್ದರು. ಗಂಡ ಮಹಬೂಬಸಾಬ ಅಲ್ಲೇ ಆಪರೇಟರ್. ಟಾಕೀಸು ಮುಚ್ಚಿ ಟೆಂಟು ಕಿತ್ತಾಗ ಉಳಿದ ರೀಲುಗಳು ಗುಜರಿಗೆ ಹೊರಟಿದ್ದವು. ಗಂಡ ಹೆಂಡತಿ ಬೇಡಿಕೊಂಡು, ಚಕ್ಕಡಿಯಲ್ಲಿ ಹೇರಿ ಮನೆಗೆ ತಂದರು. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಕೈಬರಹದ ನಾಟಕದ ಪ್ರತಿಗಳೂ ಜೊತೆಗೆ ಬಂದವು. ಮಹಬೂಬಸಾಬ ತೀರಿಕೊಂಡ ಮೇಲೆ ಗೌಸಬಿ ಒಬ್ಬರೇ ನೋಡಿಕೊಳ್ಳುತ್ತಾರೆ. ಪುಸ್ತಕಗಳ ನಡುವೆ ಬೇವಿನೆಲೆ ಇಡುತ್ತಾರೆ. ದಿನಕ್ಕೆ ಎರಡು ಮೂರು ರೀಲು ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಸುತ್ತಿಡುತ್ತಾರೆ.

ಹೋದ ಮಳೆಗಾಲ ಹುಳಿ ವಾಸನೆ ಹೊಡೆದದ್ದು ಬೇರೆಲ್ಲೂ ಸಿಗದ ರೀಲಿನಿಂದ. ಜನರನ್ನು ಟೆಂಟಿಗೆ ಸೆಳೆಯಲು ಕುಬೇರಪ್ಪ ಒಮ್ಮೆ ಕ್ಯಾಮೆರಾದವರನ್ನು ಕರೆಸಿ, ಬಮ್ಮಿಗಟ್ಟಿ, ತಂಬೂರ, ದುಮ್ಮವಾಡದ ಜನರದೇ ಚಿತ್ರ ತೆಗೆಸಿ ಪರದೆಯ ಮೇಲೆ ತೋರಿಸಿದ್ದರು. ಅದಕ್ಕೆ ಇನ್ನೊಂದು ಪ್ರತಿಯಿಲ್ಲ. ಕಲಘಟಗಿಯ ಗ್ರಂಥಪಾಲಕಿ ನಂದಾ ಬಂದು ನೋಡಿದರು. ಬೇಗ ಬೆಂಗಳೂರಿನ ಲ್ಯಾಬಿಗೆ ಒಯ್ದು ಕಂಪ್ಯೂಟರಿಗೆ ಇಳಿಸದಿದ್ದರೆ ಏನೂ ಉಳಿಯುವುದಿಲ್ಲ ಎಂದರು. ಗೌಸಬಿಗೆ ಕೈಬಿಡಲು ಧೈರ್ಯ ಬರಲಿಲ್ಲ. ಓದಿ ಕೊಡುತ್ತೇವೆಂದು ಹಿಂದೆ ಯಾರೋ ಒಯ್ದ ಪುಸ್ತಕಗಳು ಮರಳಿ ಬಂದಿರಲಿಲ್ಲ. ಕೊಟ್ಟರೆ ಹೋದೀತು, ಇಟ್ಟುಕೊಂಡರೂ ಹೋದೀತು. ಹೊಯ್ದಾಡಿ ಹೊಯ್ದಾಡಿ, ಕೊನೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಂದಾ ಜೊತೆ ತಾವೇ ಬಸ್ಸು ಹತ್ತಿದರು.

ಲ್ಯಾಬಿನವರು ರೀಲು ಬಿಚ್ಚುವಾಗ ಗೌಸಬಿ ನೋಡಲಾಗದೆ ಗೋಡೆಯ ಕಡೆ ಮುಖ ಮಾಡಿ ಕೂತರಂತೆ. ಒಳಸುತ್ತುಗಳು ಬೆಲ್ಲದಂತೆ ಅಂಟಿಕೊಂಡಿದ್ದವು. ಅರ್ಧವಷ್ಟೇ ಉಳಿಯಿತು.

"ಹೋದ ಅರ್ಧದಾಗ ಯಾರ್ಯಾರ ಮಾರಿ ಇದ್ವೋ ಏನೋ" ಎನ್ನುವಾಗ ಅವರ ಕೈ ಕೆಲಸ ನಿಲ್ಲುತ್ತದೆ.

ಉಳಿದದ್ದರ ಸುದ್ದಿ ಕೇಳಿ ತಂಬೂರಿನ ರೇವವ್ವ ಬಂದರು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಮನೆಯಲ್ಲಿ ತಾಯಿಯ ಒಂದು ಫೋಟೊವೂ ಇರಲಿಲ್ಲ. ಜೊತೆಗೆ ಬಂದ ವಯಸ್ಸಾದ ದೊಡ್ಡವ್ವ, ನಂದಾ ಅವರ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಚಿತ್ರದ ಮೇಲೆ ಬೆರಳಿಟ್ಟರು. ಬಾವಿಯ ಹತ್ತಿರ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು.

"ಇಕಿನ ನೋಡವಾ, ನಿಮ್ಮವ್ವ."

ರೇವವ್ವ ಇನ್ನೊಮ್ಮೆ ತೋರಿಸಲು ಕೈಸನ್ನೆ ಮಾಡಿದರು, ಮತ್ತೊಮ್ಮೆ ಮಾಡಿದರು. ಗೌಸಬಿ ಚಹಾ ಇಟ್ಟುಕೊಟ್ಟರು, ಅದು ಆರಿಹೋಯಿತು.

ಉಳಿದ ಡಬ್ಬಿಗಳ ಚಿಂತೆ ಮಾತ್ರ ತಪ್ಪಿಲ್ಲ. ಊರಿನವರು ಸೇರಿ, ಖಾಲಿ ಬಿದ್ದ ಹಳೆಯ ಶಾಲೆಯ ಕೋಣೆಯೊಂದನ್ನು ಇವಕ್ಕಾಗಿ ಕೊಡಿಸಿದ್ದಾರೆ. ಮೊನ್ನೆ ಗೌಸಬಿ ಹೋಗಿ ನೋಡಿದರು. ಮೂಲೆಯಲ್ಲಿ ನೀರು ಸೋರಿದ ಗುರುತಿತ್ತು. ಕೈಗೆ ಕೊಟ್ಟ ಕೀಲಿಯನ್ನು ಅಲ್ಲೇ ಮರಳಿಸಿದರು.

"ಮೊದಲ ಹಂಚ ಬದಲಸ್ರಿ, ಗ್ವಾಡಿ ಒಣಗಲಿ. ಆಮ್ಯಾಲ ನಾನು, ನನ್ನ ಡಬ್ಬಿ ಎಲ್ಲಾರೂ ಕೂಡೇ ಬರ್ತೇವಿ."