ಬಣ್ಣ ಏರದಿರಲಿ ಎಂದು ಕಾಯುವ ಗುಲಾಬಿ ಅಕ್ಕ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಂಜೆ ತರಗತಿಯಲ್ಲಿ ಕಲಿತ ಅರೆಬರೆ ರಸಾಯನಶಾಸ್ತ್ರ ನನ್ನದು. ನೀರಿನ ವಿಷಯ ನನಗಿಂತ ಬಲ್ಲವರು ಬೇಕಾದಷ್ಟು ಜನರಿದ್ದಾರೆ. ಆದರೆ ಊರಿನ ಕೈಪಂಪುಗಳ ನೀರು ಪರೀಕ್ಷಿಸುವ ಈ ಅಕ್ಕನ ಬಗ್ಗೆ ಅವರು ಯಾರೂ ಬರೆದ ಹಾಗಿಲ್ಲ. ತಪ್ಪಿದ್ದರೆ ತಿದ್ದಿ.

ಬೆಳಗಿನ ಆರು ಗಂಟೆ. ಒಂಬತ್ತನೇ ನಂಬರಿನ ಕೈಪಂಪಿನ ಹಿಡಿಯನ್ನು ಅಕ್ಕ ಎಣಿಸಿ ಐವತ್ತು ಸಲ ಒತ್ತುತ್ತಾರೆ. ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಬೇಕು. ಆಮೇಲೆ ಗಾಜಿನ ಕೊಳವೆಗೆ ಹೊಸ ನೀರು ಹಿಡಿದು, ಚಿಟಿಕೆ ಪುಡಿ ಹಾಕಿ ಕುಲುಕುತ್ತಾರೆ. ಹತ್ತು ನಿಮಿಷದಲ್ಲಿ ಗುಲಾಬಿ ಬಣ್ಣ ಮೂಡುತ್ತದೆ. ಗಾಢವಾದಷ್ಟೂ ನೈಟ್ರೇಟ್ ಹೆಚ್ಚು; ಹಸುಗೂಸುಗಳಿಗೆ ವಿಷವಾಗುವ ಲವಣ ಅದು. ಅವರಿಗೆ ಗುಲಾಬಿ ಅಕ್ಕ ಎಂಬ ಹೆಸರು ಬಂದದ್ದು ಹೀಗೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಮೂವತ್ತೆರಡು ಪಂಪು, ಒಂದು ಸೈಕಲ್ಲು.

ಈ ಪಂಪಿಗೆ ಮೂರು ವರ್ಷದಿಂದ ಕೆಂಪು ಬಣ್ಣ: ಕುಡಿಯಬೇಡಿ ಎಂದು. ಸತತ ಮೂರು ತಿಂಗಳು ನೀರು ಮಿತಿಯೊಳಗೆ ಬಂದರೆ ಮಾತ್ರ ನೀಲಿ ಬಳಿಯಬಹುದು. ಎರಡು ತಿಂಗಳು ಬಂದಿದೆ. ಇವತ್ತು ಮೂರನೆಯದು. ಎದುರು ಮನೆಯ ಅಜ್ಜಿ ಖಾಲಿ ಬಿಂದಿಗೆ ಪಕ್ಕಕ್ಕಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. ಸೊಸೆಗೆ ದಿನ ತುಂಬಿದೆ; ಎರಡು ಬೀದಿಯಾಚೆಯಿಂದ ನೀರು ಹೊರಲು ಅಜ್ಜಿಯ ಮೊಣಕಾಲು ಒಪ್ಪುತ್ತಿಲ್ಲ.

ಇವರಿಬ್ಬರಿಗೂ ಹಳೆಯ ಲೆಕ್ಕವೊಂದಿದೆ. ಮೂರು ವರ್ಷದ ಹಿಂದೆ ಬಣ್ಣ ಏರಿದಾಗ, ಕುದಿಸಿ ಕುಡಿಯಿರಿ ಎಂದು ಬೀದಿಗೆಲ್ಲ ಹೇಳಿದವರು ಈ ಅಕ್ಕನೇ. ಕುದಿಸಿದರೆ ಹೋಗುವುದು ನೀರು ಮಾತ್ರ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನೂ ದಟ್ಟವಾಗುತ್ತದೆ ಎಂದು ಪ್ರಯೋಗಾಲಯದವರು ತಿಳಿಸಿದ್ದು ವಾರದ ಮೇಲೆ. ಅಷ್ಟರಲ್ಲಿ ಅಜ್ಜಿ ಮೊಮ್ಮಗಳ ಹಾಲಿನ ಪುಡಿಗೆಂದು ಶ್ರದ್ಧೆಯಿಂದ ನೀರು ಕುದಿಸಿದ್ದರು. ಮಗುವಿನ ತುಟಿ ನೀಲಿಗಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹುಷಾರಾಯಿತು. ಅಕ್ಕ ನಲವತ್ತು ಮನೆಯ ಬಾಗಿಲು ತಟ್ಟಿ ತಮ್ಮ ಮಾತನ್ನು ತಾವೇ ವಾಪಸು ತೆಗೆದುಕೊಂಡರು.

"ಕಷಾಯದ ಹಾಗೆ ಅರ್ಧಕ್ಕೆ ಇಳಿಸಿದ್ದೆ ಕಣೇ," ಎಂದು ಅಜ್ಜಿ ಈಗಲೂ ಕೆಣಕುತ್ತಾರೆ. "ನಿನ್ನ ಮಾತು ಅಷ್ಟು ಕೇಳ್ದೋಳು ನಾನೊಬ್ಬಳೇ."

ಆ ಮೊಮ್ಮಗಳೀಗ ಪಂಪಿನ ಸುತ್ತ ಒಂದೇ ಚಪ್ಪಲಿಯಲ್ಲಿ ಓಡುತ್ತಿದ್ದಾಳೆ.

ಹತ್ತು ನಿಮಿಷವಾಗುತ್ತದೆ. ಅಕ್ಕ ಕೊಳವೆಯನ್ನು ಬಣ್ಣದ ಕಾರ್ಡಿನ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಖಾತ್ರಿಗೆಂದು ಇನ್ನೊಂದು ಕೊಳವೆ ತುಂಬುತ್ತಾರೆ. ಮತ್ತೆ ಹತ್ತು ನಿಮಿಷ. ಅಜ್ಜಿ ಗೊಣಗುತ್ತಾರೆ: ಹೆರಿಗೆಯೇ ಇದಕ್ಕಿಂತ ಬೇಗ ಆದೀತು.

ಎರಡನೆಯದೂ ತೆಳು ಗುಲಾಬಿ. ಮಿತಿಗಿಂತ ಎಷ್ಟೋ ಕೆಳಗೆ.

"ಬಿಂದಿಗೆ ತಗೊಂಡು ಬಾರಮ್ಮ," ಎನ್ನುತ್ತಾರೆ ಅಕ್ಕ. ಸೈಕಲ್ಲಿನ ಬುಟ್ಟಿಯಿಂದ ನೀಲಿ ಬಣ್ಣದ ಡಬ್ಬಿ ಹೊರಬರುತ್ತದೆ. ಮೊದಲ ತಿಂಗಳಿಂದಲೂ ಅದು ಅಲ್ಲೇ ಇತ್ತಂತೆ. ಮೊಮ್ಮಗಳ ಎರಡೂ ಅಂಗೈ ನೀಲಿ, ಪಂಪು ಅರ್ಧ ನೀಲಿ. ಅಜ್ಜಿ ಮೊದಲ ಲೋಟವನ್ನು ಅಕ್ಕನಿಗೇ ಕೊಟ್ಟು, ಕುಡಿದು ಮುಗಿಸುವವರೆಗೂ ಬಿಡದೆ ನೋಡುತ್ತಾರೆ.

ಹೆಸರು ಹಾಕಲೇ ಎಂದು ಕೇಳಿದೆ. "ಹೆಸರು ಬೇಡ. ನಾನು ತಪ್ಪು ಹೇಳಿದ್ದೆ ಅಂತ ಬರೀರಿ. ಓದಿದೋರು ಇನ್ನೊಂದ್ ನಾಲ್ಕು ಜನಕ್ಕೆ, ನೈಟ್ರೇಟ್ ಇರೋ ನೀರನ್ನ ಕುದಿಸ್ಬೇಡಿ ಅಂತಾರೆ."

ನೈಟ್ರೇಟ್ ಇಳಿದದ್ದು ಸೋರುತ್ತಿದ್ದ ಶೌಚಗುಂಡಿಗಳನ್ನು ದುರಸ್ತಿ ಮಾಡಿದ್ದರಿಂದಲೋ, ಮೇಲಿನ ಹೊಲಗಳಿಗೆ ಗೊಬ್ಬರ ಕಡಿಮೆಯಾಗಿದ್ದರಿಂದಲೋ, ಬರೀ ಒಳ್ಳೆಯ ಮಳೆಯಿಂದಲೋ, ಯಾರೂ ಖಚಿತವಾಗಿ ಹೇಳುತ್ತಿಲ್ಲ. ಬೇಸಿಗೆಯಲ್ಲೂ ಪಂಪು ನೀಲಿಯಾಗಿಯೇ ಉಳಿಯುತ್ತದೆಯೇ? ಅಕ್ಕನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಂಪು ಬಣ್ಣದ ಡಬ್ಬಿಯನ್ನು ಅವರು ಎಸೆದಿಲ್ಲ. ನನಗೂ ಗೊತ್ತಿಲ್ಲ.