ಮೇಲಿನ ಕಲ್ಲು

ತವರಿನಿಂದ ನಾನು ಕೇಳಿದ್ದು ಒಂದೇ ವಸ್ತು, ಅವ್ವನ ಬೀಸುಕಲ್ಲು. ಮಹಾಲಿಂಗಪುರದ ಹಳೆಯ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇನೆಂದು ನನ್ನ ತಮ್ಮ ನಾನು ಹಕ್ಕು ಬಿಡುವ ಕಾಗದ ತಂದಾಗ, ಕಾನ್ವೆಂಟಿನಲ್ಲಿ ಕಲಿತ ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಸಹಿ ಹಾಕಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಸಹಿ ಹಾಕಿ, ಉಡಿಯಲ್ಲಿ ಸೀರೆ ಕುಪ್ಪಸ ಇಸಿದುಕೊಂಡು ಬರುತ್ತಾರೆ. ನಾನು ಸೀರೆ ಬೇಡವೆಂದೆ.

"ಅವ್ವನ ಬೀಸುಕಲ್ಲ ಕೊಡೋ, ಸಾಕು."

"ಆತ್ ಬಿಡಕ್ಕಾ, ಕಳಸ್ತೀನಿ," ಎಂದ.

ಎರಡು ತಿಂಗಳಾದ ಮೇಲೆ ಫೋನ್ ಬಂತು. "ನಾಳಿ ನಿಮ್ಮ ಜಮಖಂಡಿಗೆ ಗಾಡಿ ಬರತೈತಿ. ಇಳಸಾಕ ಇಬ್ಬರನ್ನ ನಿಲ್ಲಿಸ್ಕೋ." ನಾನು "ಡೋಂಟ್ ವರಿ, ಐ ಶಲ್ ಮ್ಯಾನೇಜ್" ಎಂದೆ. ಹಾಗೆನ್ನಲು ಕಾರಣವಿತ್ತು. ತವರಿನ ವಸ್ತು ತಾನಾಗಿ ಬರುವುದಿಲ್ಲ, ಜೊತೆಗೆ ಮನೆಯವರೊಬ್ಬರು ಬರುತ್ತಾರೆ, ಉಂಡು ಹೋಗುತ್ತಾರೆ. ತಮ್ಮನೇ ಬರುತ್ತಾನೆಂದು ನಾನು ಗೋಧಿ ಬೆಲ್ಲದ ಮಾದಲಿ ಮಾಡಿ, ತುಪ್ಪ ಕಾಸಿಟ್ಟಿದ್ದೆ.

ಹನ್ನೊಂದಕ್ಕೆ ಪಿಕಪ್ ಬಂತು. ಇಳಿದವನು ಡ್ರೈವರ್ ಒಬ್ಬನೇ.

"ಮತ್ತ ಯಾರೂ ಬಂದಿಲ್ಲೇನಪಾ?"

"ಯಾರ್ ಬರ್ತಾರ್ರಿ ಅವ್ವಾರ, ಕಲ್ಲಿನ ಸಂಗಾಟ?" ಎಂದು ನಕ್ಕು, ಬೇವಿನ ನೆರಳಿಗೆ ಹೋಗಿ ಕೂತ. "ಇಳಸೂದು ನಂಗ ಮಾತಾಡಿಲ್ರಿ. ನಡಾ ಬ್ಯಾರೆ ಹಿಡದೈತಿ. ಲಗೂ ಮಾಡ್ರಿ, ರಬಕವಿಗೆ ಇನ್ನೊಂದ ಖೇಪ್ ಐತಿ."

ಪಕ್ಕದ ಮನೆಯವರನ್ನು ಕರೆಯಬಹುದಿತ್ತು. ಆದರೆ ತವರಿನಿಂದ ಯಾರೂ ಬಂದಿಲ್ಲವೆಂದು ಓಣಿಗೆಲ್ಲ ಹೇಳಿದಂತಾಗುತ್ತಿತ್ತು. ಅರವತ್ತೊಂಬತ್ತರ ಮೊಣಕಾಲುಗಳನ್ನು ನಂಬಿ ಗಾಡಿ ಹತ್ತಿದೆ.

ಕೇಳದ ವಸ್ತುಗಳೂ ಬಂದಿದ್ದವು. ತಾಮ್ರದ ಹಂಡೆ ತೂತಾಗಿತ್ತು, ಅದನ್ನು ಉರುಳಿಸಿಬಿಟ್ಟೆ. ಕಬ್ಬಿಣದ ಟ್ರಂಕಿನಲ್ಲಿ ನನ್ನ ಹಾಸ್ಟೆಲ್ಲಿನ ಪುಸ್ತಕಗಳಿದ್ದವು, ಗ್ರಾಮರ್, ಸ್ಕ್ರಿಪ್ಚರ್, ನೀಡಲ್‌ವರ್ಕ್. ಟ್ರಂಕ್ ಎತ್ತಲಾಗದೆ, ಗಾಡಿಯ ಮೇಲೇ ಅದನ್ನು ತೆರೆದು ಪುಸ್ತಕಗಳನ್ನು ಅಪ್ಪಿ ಅಪ್ಪಿ ಒಳಗೆ ಸಾಗಿಸಿದೆ. ಆರು ಸಲ ಹತ್ತಿದೆ, ಆರು ಸಲ ಇಳಿದೆ. ಖಾಲಿ ಟ್ರಂಕ್ ತಾನೇ ಜಾರಿತು.

ಉಳಿದದ್ದು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಬಿಗಿದ ಕಲ್ಲು. ಅಪ್ಪನದು ಬೆಲ್ಲದ ಅಡತಿ ವ್ಯಾಪಾರ. ರಜೆಗೆ ಬಂದಾಗ ಅಂಗಡಿಕಟ್ಟೆಯ ಮೇಲೆ ಕೂತು ಹಮಾಲರನ್ನು ನೋಡುತ್ತಿದ್ದೆ. ಮುದುಕ ಹಮಾಲನೊಬ್ಬ ಬೆಲ್ಲದ ಪೆಂಟೆಯನ್ನು ಕಾಲಿನಿಂದ ದಬ್ಬುತ್ತ, "ಎತ್ತಾಕ ಹೋಗಬಾರ್ದ್ರಿ ಸಣ್ಣವ್ವಾರ, ಅದಕ್ಕ ದಾರಿ ತೋರಸ್ಬೇಕು, ಅದಾ ಹೊಕ್ಕೈತಿ" ಎನ್ನುತ್ತಿದ್ದ.

ಡ್ರೈವರನ ಸ್ಟೆಪ್ನಿ ಟೈರು ಕೇಳಿ ಇಸಿದುಕೊಂಡೆ. ಗೊಣಗುತ್ತಲೇ ಕೊಟ್ಟ. ಅದನ್ನು ಗಾಡಿಯ ಹಿಂದೆ ನೆಲಕ್ಕೆ ಹಾಸಿ, ಹಳೆಯ ಹಲಗೆಯೊಂದನ್ನು ಗಾಡಿಯಿಂದ ಟೈರಿನ ಮೇಲಕ್ಕೆ ಇಳಿಬಿಟ್ಟೆ. ನಾನು ಗಾಡಿಯಲ್ಲಿ ಕೂತು, ಬೆನ್ನು ಕ್ಯಾಬಿನ್ನಿಗೆ ಕೊಟ್ಟು, ಎರಡೂ ಪಾದಗಳಿಂದ ಕಲ್ಲನ್ನು ದಬ್ಬಿದೆ. ಕಾಲು ಸಾಲದಾದಾಗ ಅಂಡೂರಿ ಮುಂದೆ ಸರಿದು ಮತ್ತೆ ದಬ್ಬಿದೆ. ಅಂಗಾಲು ಸುಲಿಯಿತು. ಆದರೂ ಅಂದುಕೊಂಡಷ್ಟು ಭಾರವಿರಲಿಲ್ಲ. ಹಮಾಲರ ಯುಕ್ತಿ ಇನ್ನೂ ಮರೆತಿಲ್ಲವೆಂದು ಹೆಮ್ಮೆಪಟ್ಟೆ.

ಕಲ್ಲು ಹಲಗೆಯಿಂದ ಜಾರಿ ಟೈರಿನ ಮೇಲೆ ಧೊಪ್ಪೆಂದು ಕೂತಿತು. ಹಗ್ಗ ಬಿಚ್ಚಿದೆ. ಗೂಟ ಸಮೇತ ಮೇಲಿನ ಕಲ್ಲು ಮಾತ್ರ ಇತ್ತು. ಕೆಳಗಿನದು ಇರಲಿಲ್ಲ.

ಫೋನ್ ಹಚ್ಚಿದೆ. ತಮ್ಮ ಎತ್ತಿಕೊಂಡ.

"ಕೆಳಗಿಂದು ಎಲ್ಲೋ?"

"ಅಲ್ಲಕ್ಕಾ, ಅದು... ತಡಿ, ಈಕಿ ಹೇಳ್ತಾಳ."

ತಮ್ಮನ ಹೆಂಡತಿ ಮಾತಿಗೆ ಬಂದಳು. "ಬೀಸುಕಲ್ಲಂದ್ರ ಮನಿ ಲಕ್ಷ್ಮಿ ಅಲ್ರಿ ಅಕ್ಕಾರ. ಎರಡೂ ಹೊರಗ ಹಾಕಬಾರದಂತ ನಮ್ಮವ್ವ ಅಂದ್ರು. ಒಂದ ನಿಮಗ ಕಳಿಸೇವಿ, ಒಂದ ಇಲ್ಲಿ ಪಾಯಾಕ್ಕ ಹಾಕೇವಿ. ನಿಮಗೂ ಆತು, ನಮಗೂ ಆತು. ನೀವೇನ್ ಈಗ ಬೀಸಾವ್ರ ಅದೀರೇನ್ರಿ?"

"ಹೊರಗ" ಎಂಬ ಮಾತನ್ನು ಆಕೆ ಎಷ್ಟು ಸಹಜವಾಗಿ ಆಡಿದಳು. ನಾನು "ಥ್ಯಾಂಕ್ ಯೂ" ಎಂದು ಫೋನ್ ಇಟ್ಟೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷಿನ ಮ್ಯಾನರ್ಸ್ ಮಾತ್ರ ಒದಗಿಬರುತ್ತವೆ, ಬಯ್ಗುಳ ಬರುವುದಿಲ್ಲ.

ಡ್ರೈವರನಿಗೆ, "ಇದನ್ನ ತಿರುಗಿ ಒಯ್ದು ಅವರ ಬಾಗಲದಾಗ ಒಗದ ಬಾ," ಎಂದೆ.

"ಏರಸೂದೂ ಮಾತಾಡಿಲ್ರೀ."

ನಾನೇ ಬಾಗಿ ಕಲ್ಲಿನ ಅಂಚಿಗೆ ಕೈಹಾಕಿದೆ. ಮೊಣಕಾಲಿನ ತನಕ ಬಂತು, ನಿಂತಿತು, ಕೈಜಾರಿ ಮತ್ತೆ ಟೈರಿಗೆ ಬಿತ್ತು. ಮೇಲಕ್ಕೆ ಹೋಗುವ ದಾರಿಯನ್ನು ಆ ಮುದುಕ ಹಮಾಲ ನನಗೆ ಹೇಳಿಕೊಟ್ಟಿರಲಿಲ್ಲ.

"ಅವ್ವಾರ, ನನ್ನ ಸ್ಟೆಪ್ನಿ," ಎಂದ ಡ್ರೈವರ್.

ಕಲ್ಲನ್ನು ಟೈರಿನಿಂದ ಪಕ್ಕಕ್ಕೆ ಹೊರಳಿಸಿದೆ. ಅದು ಗೇಟಿನ ಬಳಿ ಬೋರಲಾಗಿ ಬಿತ್ತು, ಗೂಟ ಮುರಿಯಿತು. ಆಮೇಲೆ ಕೈತೊಳೆದು ಅವನಿಗೇ ಎಲೆ ಹಾಕಿದೆ, ತವರಿನ ವಸ್ತು ತಂದವನು ಅವನೇ ತಾನೆ. ಎರಡು ಸಲ ಮಾದಲಿ ನೀಡಿಸಿಕೊಂಡು, ತುಪ್ಪ ಇನ್ನಷ್ಟು ಬೇಕೆಂದ. ಹಾಕಿದೆ.