ಇಲ್ಲ ಎನ್ನಲಾರದ ಮಹಾಲಿಂಗಪ್ಪ ಕಾಕಾ

ಮಹಾಲಿಂಗಪ್ಪ ಕಾಕಾ ಸಾಂಗಲಿಯ ಅರಿಷಿಣ ಪೇಟೆಯ ಹಳೆಯ ವ್ಯಾಪಾರಿ ಮನೆತನದವರು. ಆ ಮನೆಯಲ್ಲಿ ಒಂದು ರೂಢಿ. ಮಾಲು ಇರಲಿ ಬಿಡಲಿ, ಅಂಗಡಿಯ ಮೆಟ್ಟಿಲು ಹತ್ತಿದವನಿಗೆ ‘ಇಲ್ಲ’ ಅನ್ನಬಾರದು. ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿ ಬರಿದಾದರೂ ಅವರ ತಾಯಿ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನುತ್ತಿದ್ದರಂತೆ. ಅಂಗಡಿಯನ್ನು ಅಣ್ಣಂದಿರು ಹಂಚಿಕೊಂಡರು. ಕಾಕಾ ಕಂಪ್ಯೂಟರ್ ಕಲಿತು, ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಯೊಂದರ ಮಹಡಿಯ ಮೇಲಿರುವ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಹಿರಿಯರಾಗಿ ಬಂದರು. ಬರುವಾಗ ಲಕ್ಷ್ಮಿಯ ಭಯವನ್ನೂ ಕಟ್ಟಿಕೊಂಡು ಬಂದರು.

ರಜೆ ಬೇಕು ಅಂದರೆ ‘ಆತು’. ಫ್ಯಾನು ಕೆಟ್ಟಿದೆ ಅಂದರೆ ‘ಆತು ಬಿಡವಾ’. ಎರಡು ತಿಂಗಳ ಕೆಲಸವನ್ನು ಎಂಟು ದಿನದಲ್ಲಿ ಕೊಡಿ ಎಂದು ಗಿರಾಕಿ ಕೂಗಿದರೆ ‘ಆತ್ರಿ, ಆತು’. ಒಂದೂ ಆಗುತ್ತಿರಲಿಲ್ಲ. ಆದರೂ ಗಿರಾಕಿಗಳಿಗೆಲ್ಲ ಕಾಕಾ ಎಂದರೆ ಬಲು ಪ್ರೀತಿ; ಬೈಸಿಕೊಳ್ಳಲು ನಾವಿದ್ದೆವಲ್ಲ!

ಮಿರಜಿನ ಒಂದು ಆಸ್ಪತ್ರೆಯ ಕೆಲಸ ಬಂತು. ಅಲ್ಲಿಯ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡು ಮಾಡಿ, ಅವಕ್ಕೆ ಮೈಕ್ರೋಸರ್ವಿಸ್ ಎಂದು ಹೆಸರಿಟ್ಟಿದ್ದರು. ಆಪರೇಶನ್ ವಿಭಾಗದ ತುಂಡು, ‘ನಾಳೆ ಇಂಥವರ ಆಪರೇಶನ್, ಇಂಥ ಗುಂಪಿನ ಎರಡು ಚೀಲ ರಕ್ತ ಬೇಕು’ ಎಂದು ಸುದ್ದಿ ಕಳಿಸುತ್ತದೆ. ರಕ್ತ ವಿಭಾಗದ ತುಂಡು ಅದನ್ನು ಹಿಡಿದು, ಚೀಲ ಕಾಯ್ದಿರಿಸಿ, ಉತ್ತರ ಕೊಡಬೇಕು. ಹಾಗೆ ಹಿಡಿಯುವ ಕೋಡಿಗೆ ಹ್ಯಾಂಡ್ಲರ್ ಅನ್ನುತ್ತಾರೆ. ಇದಕ್ಕೂ ಮೊದಲು ನರ್ಸು ರಕ್ತ ವಿಭಾಗಕ್ಕೆ ಫೋನ್ ಮಾಡಿ, ಫ್ರಿಜ್ ತೆಗೆಸಿ ನೋಡಿಸುತ್ತಿದ್ದಳು. ಹ್ಯಾಂಡ್ಲರನ್ನು ಕಾಕಾ ತಾವೇ ಬರೆದರು.

“ಕಾಕಾ, ಆ ಗುಂಪಿನ ರಕ್ತ ಇರದಿದ್ರ ಇದು ಏನಂತೈತಿ?” ಎಂದು ಕೇಳಿದೆ.

“ಆತು ಅಂತೈತಿ.”

“ರಕ್ತ ಇರದಿದ್ರೂ?”

“ಪ್ರಣಿತಾ, ಹೊಸಾ ಗಿರಾಕಿಗೆ ಮೊದಲ ದಿನಾನ ಇಲ್ಲ ಅನ್ನೂದೇನವಾ? ಸ್ಕ್ರೀನ್ ಮ್ಯಾಲ ಕೆಂಪು ಬಂದ್ರ ಹೆದರ್ತಾರ. ರಕ್ತ ಮುಂಜಾನಿಯೊಳಗ ತರಿಸಿದ್ರಾತು.”

“ಯಾರು ತರಸ್ತಾರ್ರಿ?”

“ಯಾರರೆ ತರಸ್ತಾರ ಬಿಡವಾ.”

ಆ ಕೋಡನ್ನು ಓದಿ ಒಪ್ಪಿಗೆ ಕೊಡಬೇಕಾದವಳು ನಾನು. ಶನಿವಾರ ಸಂಜೆ, ಮಿರಜಿನ ಬಸ್ಸು ತಪ್ಪುವ ಹೊತ್ತು. ಒಪ್ಪಿಗೆಯ ಬಟನ್ ಒತ್ತಿ ಚೀಲ ಹೆಗಲಿಗೇರಿಸಿದೆ. ಥೂ ನನ್ನ ಜನ್ಮಕ್ಕೆ! ಸೋಮವಾರ ಕಾಕಾ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರಿಗೂ ಪೇಢೆ ಹಂಚಿದರು. ಹದಿನೈದು ದಿನ ಸ್ಕ್ರೀನೆಲ್ಲ ಹಸಿರೋ ಹಸಿರು.

ಕೆಳಗಿನ ಎರಕದ ಕಾರ್ಖಾನೆಯಲ್ಲಿ ದಾದಾಸಾಬ ಕೂಲಿ. ಅವನ ಹೆಂಡತಿ ತಂಗೆವ್ವ ನಮ್ಮ ಆಫೀಸು ಗುಡಿಸುತ್ತಾಳೆ. ಅವನ ಪಾದದ ಮೇಲೆ ಕಬ್ಬಿಣ ಬಿದ್ದು, ಗಾಯ ಕೀವುಗಟ್ಟಿ, ಅದೇ ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಆಪರೇಶನ್ ಆಗಬೇಕು, ಅರ್ಧ ದಿನ ತಡವಾದರೂ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಅವನದು ಅಪರೂಪದ ಓ ನೆಗೆಟಿವ್ ರಕ್ತ. ತಂಗೆವ್ವನ ತಮ್ಮ ಅಮೋಘಸಿದ್ಧನದೂ ಅದೇ. ಪಾಪ, ಅವನು ದೂರದ ಜತ್ತದಿಂದ ಓಡಿ ಬಂದು, ಅಂಗಿಯ ತೋಳು ಮಡಚಿಕೊಂಡೇ ರಕ್ತ ವಿಭಾಗದ ಕೌಂಟರಿನ ಮುಂದೆ ನಿಂತ.

ಕೌಂಟರಿನವ ಸ್ಕ್ರೀನ್ ನೋಡಿದ. “ಎರಡು ಚೀಲ ತಗದಿಟ್ಟೈತಿ, ಕಂಪ್ಯೂಟರ ಆತು ಅಂದೈತಿ. ಇವರದ್ಯಾಕ ಬೇಕು? ಕಳಸ್ರಿ.”

ಒಂದು ದಿನದ ಕೂಲಿ ಯಾಕೆ ಹಾಳಾಗಬೇಕೆಂದು ತಂಗೆವ್ವ ತಮ್ಮನನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದಳು.

ಮರುದಿನ ಒಂಬತ್ತಕ್ಕೆ ಫ್ರಿಜ್ ತೆಗೆದರೆ ಆ ಗುಂಪಿನ ಒಂದು ಚೀಲವೂ ಇರಲಿಲ್ಲ. ಮಿರಜ, ಸಾಂಗಲಿ, ಎಲ್ಲ ಕಡೆ ಫೋನ್ ಮಾಡಿದರೂ ಸಿಗಲಿಲ್ಲ. ಅಮೋಘಸಿದ್ಧ ಮತ್ತೆ ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅವನು ಕೊಟ್ಟ ರಕ್ತದ ಪರೀಕ್ಷೆ ಮುಗಿಯುವ ಹೊತ್ತಿಗೆ ಸಂಜೆ ಆರು. ಅಷ್ಟರಲ್ಲಿ ವಿಷ ಮೇಲೇರಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಆಸ್ಪತ್ರೆಯವರು ಫೋನಿನಲ್ಲಿ ಉಗಿದರು. ಕಾಕಾ, “ಆತ್ರಿ ಸಾಹೇಬ್ರ, ನೋಡ್ತೇವ್ರಿ” ಎಂದು ಫೋನ್ ಇಟ್ಟರು. ನಾನು ಹ್ಯಾಂಡ್ಲರಿನ ದಾಖಲೆ ತೆಗೆದೆ. ‘ಈ ಗುಂಪಿನ ರಕ್ತ ಸಿಗಲಿಲ್ಲ’ ಎಂದು ಅದು ಒಳಗೊಳಗೇ ಬರೆದುಕೊಂಡಿತ್ತು. ಮಶೀನಿಗೆ ಗೊತ್ತಿತ್ತು; ಹೊರಗೆ ಹೇಳದಂತೆ ಬಾಯಿ ಹೊಲಿದವರು ನಾವು.

ಮೂರನೇ ದಿನ ಡಜನ್ ಬಾಳೆಹಣ್ಣು ಹಿಡಿದುಕೊಂಡು ಕಾಕಾ ದಾದಾಸಾಬನನ್ನು ನೋಡಲು ಹೊರಟರು, ನಾನೂ ಹೋದೆ. ತಂಗೆವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಏಳಲಿಲ್ಲ.

“ರಕ್ತ ಇಲ್ಲಂತ ಒಂದ ಮಾತು ಅಂದಿದ್ರ ನಾ ನನ್ನ ತಮ್ಮನ್ನ ಕಳಸ್ತಿದ್ದಿಲ್ರಿ ಸಾಹೇಬ್ರ,” ಎಂದಳು. “ಕೈ ಹಿಡಿದು ಕುಂದ್ರಿಸ್ಕೊಂತಿದ್ದೆ.”

“ಆತವಾ ತಂಗೆವ್ವಾ, ಸಮಾಧಾನ ಮಾಡ್ಕೊ. ಎಲ್ಲಾ ಸರಿ ಆಕ್ಕೈತಿ, ನಾ ನೋಡ್ಕೊಂತೇನಿ.”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ದಾದಾಸಾಬ ಹೊರಳಿ, ಚಾದರ ಕಿತ್ತು ಬದಿಗೆ ಒಗೆದ.

“ಹೇಳ್ರಿ ಸಾಹೇಬ್ರ. ಕಾಲು ಐತೇನು?”

ಕಾಕಾ ಬಾಳೆಹಣ್ಣಿನ ಚೀಲವನ್ನು ನನ್ನ ಕೈಗೆ ತುರುಕಿ, ಡಾಕ್ಟರನ್ನು ಕಂಡು ಬರುತ್ತೇನೆಂದು ಹೊರಗೆ ನಡೆದರು. ದಾದಾಸಾಬ ನನ್ನನ್ನೇ ನೋಡುತ್ತಿದ್ದ.

“ಇಲ್ರಿ ಅಣ್ಣಾ,” ಎಂದೆ. ಆ ಶನಿವಾರ ಸಂಜೆಯೇ ನಾನು ಈ ‘ಇಲ್ಲ’ ಅನ್ನಬೇಕಿತ್ತು.